ನಿಂಗೆ ಇಷ್ಟೇ ಉದ್ದ ಸಾಕು

ನನ್ನ ಹೈಟು 158 ಸೆಂಟಿಮೀಟರ್. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದಿನ ಲೆಕ್ಕಕ್ಕೆಲ್ಲ ಇದು ಬೇಕು. ಇನ್ನೊಂದು ವಿಷಯ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಸಲೀಸಾಗಿ ಓದ್ತೀನಿ, ಬರೆಯೋವಾಗ ಒತ್ತಕ್ಷರ ಕೈ ಕೊಡುತ್ತೆ. ತಿದ್ದಿಕೊಡ್ತೀವಿ ಅಂತ ಸಂಘದ ಸೀನಿಯರ್ಸ್ ಮಾತು ಕೊಟ್ಟ ಮೇಲೇ ಬರೆಯೋಕೆ ಕೂತಿದ್ದು.

ನಮ್ಮೂರು ಚಂದ್ರಂಪಳ್ಳಿ. ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲ್ಲೂಕು, ತೆಲಂಗಾಣದ ಗಡಿ. ಕ್ಲಾಸಲ್ಲಿ ನಮ್ಮೂರಲ್ಲಿ ಕಾಡಿದೆ ಅಂದ್ರೆ "ಕಲಬುರಗೀಲಿ ಕಾಡಾ?" ಅಂತ ನಗ್ತಾರೆ. ಇದೆ ರೀ. 2011ರಲ್ಲಿ ವನ್ಯಜೀವಿ ಧಾಮ ಅಂತ ಘೋಷಣೆನೂ ಆಗಿದೆ. ಡ್ಯಾಮ್ ಇದೆ, ಸುತ್ತ ಗುಡ್ಡ ಇದೆ. ಇಲ್ಲದೇ ಇರೋದು ಹಿಮ ಒಂದೇ. ಬೇಸಿಗೇಲಿ 42 ಡಿಗ್ರಿ ಮುಟ್ಟೋ ಜಿಲ್ಲೆ ನಮ್ಮದು. ನಾನು ಅಲ್ಲೀವರೆಗೂ ಹತ್ತಿರದಿಂದ ನೋಡಿದ್ದ ಹಿಮ ಅಂದ್ರೆ ಸೇಡಂ ಜಾತ್ರೇಲಿ ಬಣ್ಣ ಹಾಕಿ ಕೊಡೋ ಐಸ್ ಗೋಲಾ. ಅಂಥವಳು ಹೆಂಗಸರ ಸ್ಕೀ ಎಷ್ಟು ಉದ್ದ ಇರಬೇಕು ಅಂತ ಬರೆಯೋದು ವಿಚಿತ್ರ ಅನ್ನಿಸಬಹುದು. ನಂಗೂ ಅನ್ನಿಸ್ತಿದೆ.

ಇದಕ್ಕೆಲ್ಲ ಕಾರಣ ನನ್ನ ರೂಮ್‌ಮೇಟ್. ಅವಳು ಕೊಡಗಿನವಳು. ಅವರ ಜಿಲ್ಲೆಯ ತೆಕ್ಕಡ ಭವಾನಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಚಿಲಿ ದೇಶದಲ್ಲಿ ಕಂಚು ಗೆದ್ದಾಗ ಇಡೀ ಫ್ಲೋರಿಗೆ ವಿಡಿಯೋ ತೋರಿಸಿದ್ದಳು. ಕಾಫಿ ತೋಟದ ಊರಿನವರು ಹೋಗಬಹುದಾದ್ರೆ ತೊಗರಿ ಹೊಲದ ಊರಿನವಳು ಯಾಕೆ ಹೋಗಬಾರದು ಅಂತ ಬಾಯಿ ಜಾರಿ ಹೇಳಿಬಿಟ್ಟೆ. ಅವಳು ಅದನ್ನೇ ಹಿಡ್ಕೊಂಡು ಹಿಮಾಚಲದ ಸೋಲಂಗ್ ಕಣಿವೇಲಿ ನಡೆಯೋ ಹದಿನಾಲ್ಕು ದಿನದ ಬೇಸಿಕ್ ಕೋರ್ಸಿನ ಫಾರ್ಮ್ ನನ್ನ ಕೈಲಿ ತುಂಬಿಸಿದಳು. (ಒಂದು ಸಣ್ಣ ತಿದ್ದುಪಡಿ: ಭವಾನಿಯವರ ಸ್ಕೀ ಬೇರೆ ಜಾತಿ. ಅದು ಸಪೂರ, ಹಗುರ, ಹಿಮ್ಮಡಿ ಬಿಡಿಯಾಗಿರುತ್ತೆ, ಸಪಾಟು ಜಾಗದಲ್ಲೂ ಓಡಬಹುದು. ನಾನು ಕಲಿತದ್ದು ಹಿಮ್ಮಡಿ ಕಟ್ಟಿಕೊಂಡು ಇಳಿಜಾರಲ್ಲಿ ಇಳಿಯೋದು. ಅದರಲ್ಲೂ ಗಟ್ಟಿ ಹಿಮ, ಮೆತ್ತಗಿನ ಹಿಮ ಎಲ್ಲಕ್ಕೂ ಒಂದೇ ಜೋಡಿ ಆಗೋ ಹಾಗೆ ಮಾಡಿರೋದಕ್ಕೆ ಆಲ್ ಮೌಂಟನ್ ಸ್ಕೀ ಅಂತಾರೆ.)

ದುಡ್ಡು ಅಕ್ಕ ಕೊಟ್ಟಳು. ಸೇಡಂನಲ್ಲಿ ಮನೇಲೇ ಬ್ಲೌಸ್ ಹೊಲಿದು ಕೂಡಿಟ್ಟಿದ್ದು, ಎಂಟು ಸಾವಿರ. ಉಳಿದದ್ದು ನನ್ನ ಸ್ಕಾಲರ್‌ಶಿಪ್. ಅಪ್ಪ ಸಿಮೆಂಟ್ ಲಾರಿ ಓಡಿಸ್ತಾರೆ, ಹೆಚ್ಚು ಮಾತಿಲ್ಲ. ವಾಡಿ ಜಂಕ್ಷನ್‌ನಲ್ಲಿ ದಿಲ್ಲಿ ಕಡೆ ಹೋಗೋ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿಸಿ, "ಕಾಲ್ ಮುರ್ಕೊಂಡ್ ಬಂದ್ರ ಪರೀಕ್ಷಾ ಯಾರ್ ಬರೀತಾರ?" ಅಂದ್ರು. ಅಷ್ಟೇ.

ಮೊದಲ ದಿನ ಸಾಮಾನು ಕೊಡೋ ಕಿಟಕಿ ಮುಂದೆ ಸಾಲು ನಿಂತಿದ್ವಿ. ಹುಡುಗರನ್ನ ತೂಕ ಎಷ್ಟು, ಮೊದಲು ಮಾಡಿದ್ದೀಯಾ ಅಂತ ಕೇಳಿ ಕೊಡ್ತಿದ್ದ ಮನುಷ್ಯ, ನನ್ನ ಸರದಿ ಬಂದಾಗ ಏನೂ ಕೇಳಲಿಲ್ಲ. ಮೇಲಿಂದ ಕೆಳಗೆ ಒಮ್ಮೆ ನೋಡಿ 145ರ ಒಂದು ಹಳೇ ಜೋಡಿ ಎಳೆದು ಕೊಟ್ಟ. ಹುಡುಗಿಯರಿಗೆ ಇಷ್ಟೇ ಉದ್ದ ಸಾಕು ಅಂತ ಹಿಂದೀಲಿ ಹೇಳಿದ. ನನ್ನ ಹಿಂದೆ ನಿಂತಿದ್ದ ಹುಡುಗ ನನಗಿಂತ ಕುಳ್ಳ. ಅವನಿಗೆ 155 ಸಿಕ್ತು.

ನ್ಯಾಯವಾಗಿ ಹೇಳಬೇಕಂದ್ರೆ ಮೊದಲ ವಾರ ಆ 145 ನನ್ನ ಪ್ರಾಣ ಉಳಿಸ್ತು. ನಿಲ್ಲಿಸಿದ್ರೆ ಮೂಗಿನ ಮಟ್ಟಕ್ಕೆ ಬರ್ತಿತ್ತು. ಹಗುರ, ಮೆತ್ತಗೆ, ಹೇಗೆ ತಿರುಗಿಸಿದ್ರೂ ತಿರುಗ್ತಿತ್ತು. ಸ್ಕೀಯ ಮುಂದಿನ ತುದಿಗಳನ್ನ ಹತ್ತಿರ ತಂದು, ಹಿಂಭಾಗ ಅಗಲಿಸಿ, ನೇಗಿಲಿನ ಹಾಗೆ ಹಿಮ ತಳ್ಳಿಕೊಂಡು ನಿಧಾನ ಇಳಿಯೋದು ಮೊದಲ ಪಾಠ. ಅದಕ್ಕೆ ಗಿಡ್ಡ ಸ್ಕೀನೇ ಸರಿ. ನಮ್ಮ ಮನೇಲಿ ಹಬ್ಬಕ್ಕೆ ಶಹಾಬಾದ್ ಪರ್ಸಿ ತೊಳೆಯೋವಾಗ ಸೋಪಿನ ನೀರಲ್ಲಿ ಜಾರಿ ಬಿದ್ದ ಅನುಭವ ಬಿಟ್ರೆ ಬೇರೇನೂ ತಯಾರಿ ಇಲ್ಲದ ನನಗೆ ಅಷ್ಟೇ ಸಾಕಿತ್ತು.

ಎಂಟನೇ ದಿನ ಸ್ವಲ್ಪ ಮೇಲಿಂದ ಬಿಟ್ಟರು. ಬೆಳಗ್ಗೆ ಹಿಮ ಗಟ್ಟಿಯಾಗಿತ್ತು. ಸ್ಪೀಡ್ ಬಂದ ತಕ್ಷಣ ಸ್ಕೀ ತುದಿ ಫಡಫಡ ಅಂತ ಬಡ್ಕೊಳ್ಳೋಕೆ ಶುರು ಮಾಡ್ತು. ನಡುಕ ಮೊಣಕಾಲಿನವರೆಗೂ ಬಂತು. ಆ ನಡುಕ ನನಗೆ ಹೊಸದಲ್ಲ, ಎಲ್ಲೋ ಗೊತ್ತಿತ್ತು. ಕೆಳಗೆ ಬಂದು ಬಿದ್ದು, ಹಿಮದಲ್ಲೇ ಕೂತಿದ್ದಾಗ ಹೊಳೀತು. ಅಕ್ಕನ ಸೈಕಲ್.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ನನ್ನ ಹೊತ್ತಿಗೆ ಅಪ್ಪನ ಕೈಲಿ ನಾಲ್ಕು ಕಾಸು ಆಡಿ, ನನ್ನನ್ನ ಸೇಡಂನ ಅತ್ತೆ ಮನೇಲಿಟ್ಟು ಟೈ ಕಟ್ಟೋ ಸ್ಕೂಲಿಗೆ ಹಾಕಿದ್ರು. ಅಕ್ಕನಿಗೆ ಎಂಟನೇ ಕ್ಲಾಸಲ್ಲಿ ಸೈಕಲ್ ಬಂತು. 2006-07ರಲ್ಲಿ ಶುರುವಾದ ಯೋಜನೆ ಅದು, ನಿಮ್ಮಲ್ಲೂ ಹಲವರ ಮನೆಗೆ ಬಂದಿರುತ್ತೆ. ಹುಡುಗಿಯರಿಗೆ ಕೊಡ್ತಿದ್ದದ್ದು ಲೇಡೀಸ್ ಸೈಕಲ್. ಲಂಗ ಸಿಕ್ಕಿಹಾಕಿಕೊಳ್ಳದೆ ಹತ್ತಿ ಇಳಿಯೋಕೆ ಮೇಲಿನ ಅಡ್ಡ ಪೈಪು ಇರಲ್ಲ. ಅನುಕೂಲವೇ. ಆದ್ರೆ ಆ ಪೈಪು ತೆಗೆದ್ರೆ ಫ್ರೇಮಿನ ತ್ರಿಕೋನ ಹೋಗುತ್ತೆ. ತ್ರಿಕೋನ ಹೋದ್ರೆ ಏನಾಗುತ್ತೆ ಅಂತ ಮೆಕ್ಯಾನಿಕಲ್, ಸಿವಿಲ್‌ನವರಿಗೆ ಹೇಳಬೇಕಾಗಿಲ್ಲ. ಡ್ಯಾಮ್ ಕಡೆಯಿಂದ ಊರಿಗೆ ಇಳಿಯೋ ರಸ್ತೇಲಿ ಸ್ಪೀಡ್ ಏರಿದ್ರೆ ಹ್ಯಾಂಡಲ್ ಗಡಗಡ ನಡುಗ್ತಿತ್ತು. ರಜೆಗೆ ಊರಿಗೆ ಬಂದ ನಾನು ಹಿಂದೆ ಕ್ಯಾರಿಯರ್ ಮೇಲೆ ಕೂತು ಆ ನಡುಕಾನ ಹಲ್ಲಲ್ಲಿ ಅನುಭವಿಸಿದ್ದೀನಿ.

ಒಂದು ಸಂಜೆ ಅಕ್ಕ ಅಪ್ಪನ ಸೈಕಲ್ ತೆಗೆದಳು. ಗಂಡಸರದ್ದು, ಉದ್ದ, ಕಬ್ಬಿಣದ ಭಾರ. ಮುಂಚೆ ಒಳಪೆಡ್ಲು ಹೊಡೀತಿದ್ದವಳು ಅವತ್ತು ಚೂಡಿದಾರ್ ಮೇಲೆತ್ತಿ ಕಟ್ಟಿ ಸೀಟಿನ ಮೇಲೇ ಕೂತಳು. ಅದೇ ಇಳಿಜಾರು. ನಾನು ಕೆಳಗೆ ನಿಂತು ನೋಡ್ತಿದ್ದೆ. ಹ್ಯಾಂಡಲ್ ಅಲ್ಲಾಡಲಿಲ್ಲ. ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ಬಂದಳು. ಯಾರೋ ಅವ್ವಗೆ ಹೇಳಿದ್ರು, ಬೈಗುಳ ಬಿತ್ತು, ಆಮೇಲೆ ಆ ಸೈಕಲ್ ಮುಟ್ಟಲಿಲ್ಲ. ಪಿಯುಸಿ ಮುಗಿದ ವರ್ಷದ ಮೇಲೆ ಮದುವೆ ಆಯ್ತು.

ಸೋಲಂಗ್‌ಗೆ ವಾಪಸ್ ಬರ್ತೀನಿ. ಬಾಡಿಗೆ ಅಂಗಡಿಯೊಂದರಲ್ಲಿ ಬ್ಲಿಝರ್ಡ್ ಕಂಪನಿಯ ಬ್ಲ್ಯಾಕ್ ಪರ್ಲ್ 88 ಇತ್ತು. ಹೆಂಗಸರಿಗಾಗಿಯೇ ಮಾಡಿದ ಸ್ಕೀ, ಉದ್ದ 153. ಹೆಸರಲ್ಲಿರೋ 88 ಅಂದ್ರೆ ಸ್ಕೀಯ ಸೊಂಟದ ಅಗಲ, ಮಿಲಿಮೀಟರಲ್ಲಿ. ಹೌದು, ಸ್ಕೀಗೂ ಸೊಂಟ ಇದೆ. ತುದಿ ಅಗಲ, ನಡು ಸಪೂರ, ಹಿಂದೆ ಮತ್ತೆ ಅಗಲ. ಓರೆ ಮಾಡಿ ಒತ್ತಿದ್ರೆ ಆ ವಕ್ರವೇ ನಿಮ್ಮನ್ನ ತಿರುಗಿಸುತ್ತೆ. 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ಈ ವಕ್ರಾನ ಚೆನ್ನಾಗಿ ಆಳ ಮಾಡೋವರೆಗೂ ಜನ ಎರಡು ಮೀಟರ್ ಉದ್ದದ, ಹೆಚ್ಚು ಕಡಿಮೆ ನೇರ ಪಟ್ಟಿಗಳ ಮೇಲೆ ಒದ್ದಾಡ್ತಿದ್ರು. ಸ್ಕೀಯ ನಡು ನೆಲದಿಂದ ಸ್ವಲ್ಪ ಎದ್ದಿರುತ್ತೆ, ಅಪ್ಪನ ಲಾರಿಯ ಕಮಾನ್ ಪಟ್ಟಿ ಥರ. ನಾವು ನಿಂತಾಗ ಅದು ಚಪ್ಪಟೆಯಾಗಿ ಅಂಚಿನ ಉದ್ದಕ್ಕೂ ಭಾರ ಹಂಚುತ್ತೆ. ತುದಿಗಳು ಮಾತ್ರ ಮೇಲಕ್ಕೆ ಬಾಗಿರೋದ್ರಿಂದ ತಿರುಗೋಕೆ ಸುಲಭ. ಹಾಗಾಗಿ 153 ಅಂತ ಬರೆದಿದ್ರೂ ಹಿಮಾನ ಕಚ್ಚೋದು ಅಷ್ಟೂ ಉದ್ದ ಅಲ್ಲ.

ಆ 153 ಎಂಥಾ ಮಜಾ ಗೊತ್ತಾ! ನಾನು ಜೋರಾಗಿ ನಗ್ತಾ ಇಳಿದೆ, ಅಕ್ಕಪಕ್ಕದವರು ತಿರುಗಿ ನೋಡಿದ್ರು. ಎಡ, ಬಲ, ಎಡ, ಅಂದುಕೊಂಡ ತಕ್ಷಣ ತಿರುಗ್ತಿತ್ತು. ನಡುಕ 145ರಷ್ಟಿಲ್ಲ, ಆದ್ರೆ ತೀರಾ ಸ್ಪೀಡಿಗೆ ಬಂದಾಗ ಪೂರ್ತಿ ನಂಬೋ ಹಾಗೂ ಇರಲಿಲ್ಲ.

ನಮ್ಮ ಬ್ಯಾಚಲ್ಲಿ ಶಿವಮೊಗ್ಗ ಮೂಲದ ಒಬ್ಬ ಮೇಡಂ ಇದ್ರು, ಹಲವು ವರ್ಷ ಅಮೆರಿಕದ ಡೆನ್ವರ್‌ನಲ್ಲಿದ್ದವರು. ಅವರ ಹತ್ರ ಸ್ವಂತ ನಾರ್ಡಿಕಾ ಸಾಂಟಾ ಆನಾ 93 ಇತ್ತು. ಅದೂ ಹೆಂಗಸರದ್ದೇ, ಆದ್ರೆ ಉದ್ದ 165, ನನ್ನ ತಲೆಗಿಂತ ನಾಲ್ಕು ಬೆರಳು ಮೇಲೆ. ಮರದ ತಿರುಳಿನ ಜೊತೆ ಟೈಟನಾಲ್ ಹಾಳೆ ಇದೆ. (ಹೆಸರು ಕೇಳಿ ಟೈಟೇನಿಯಂ ಅಂದ್ಕೋಬೇಡಿ, ಅದು ಅಲ್ಯುಮಿನಿಯಂ ಮಿಶ್ರಲೋಹ. ವೈವಾದಲ್ಲಿ ಕೇಳಿದ್ರೆ ನನ್ನ ನೆನೆಸ್ಕೊಳ್ಳಿ.) "ನಿಂಗೆ ಉದ್ದ ಆಗುತ್ತೆ ಕಣೇ, ಆದ್ರೂ ಒಂದ್ಸಲ ನೋಡು" ಅಂತ ಅಂದು, ನನ್ನ ಬೂಟಿಗೂ ತೂಕಕ್ಕೂ ಬೈಂಡಿಂಗ್ ಅಂಗಡೀಲಿ ಹೊಂದಿಸಿಕೊಟ್ಟರು. ಬೈಂಡಿಂಗ್ ವಿಷಯದಲ್ಲಿ ಉದಾಸೀನ ಮಾಡೋ ಹಾಗಿಲ್ಲ. ಬಿದ್ದಾಗ ಸ್ಕೀ ಕಳಚದಿದ್ರೆ ಮಂಡಿ ತಿರುಚುತ್ತೆ, ಎಸಿಎಲ್ ಗಾಯ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು.

ಅವತ್ತು ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. ಒಂದೇ ಥರದ ಎರಡು ಸ್ಕೀ ಅಂತಿಟ್ಕೊಳ್ಳಿ, ಒಂದು 153, ಇನ್ನೊಂದು 165. ಉದ್ದದ ವ್ಯತ್ಯಾಸ ಬರೀ 8 ಪರ್ಸೆಂಟ್. ಆದ್ರೆ ಸರಳಿನ ಮೊಮೆಂಟ್ ಆಫ್ ಇನರ್ಷಿಯಾ ಎಂಎಲ್ ಸ್ಕ್ವೇರ್ ಬೈ 12. ಉದ್ದ ಬೆಳೆದ್ರೆ ಮಾಸ್ ಕೂಡ ಬೆಳೆಯುತ್ತೆ, ಅಂದ್ರೆ ಒಟ್ಟು ಎಲ್ ಕ್ಯೂಬ್. ತಿರುಗಿಸೋಕೆ ಹತ್ತಿರ ಹತ್ತಿರ 25 ಪರ್ಸೆಂಟ್ ಹೆಚ್ಚು ಕಷ್ಟ. ಅದರ ಮೇಲೆ ಲೋಹದ ಭಾರ ಬೇರೆ. ಹಿಮದ ಗಡ್ಡೆ ಬಡಿದಾಗ ಸ್ಕೀ ಕದಲದೇ ಇರೋದಕ್ಕೂ ಕಾರಣ ಇದೇ. ಸ್ಟೆಬಿಲಿಟಿನೂ ಹಠಾನೂ ಒಂದೇ ಫಾರ್ಮುಲಾ.

ಮೊದಲ ಸಲ ಭಯಕ್ಕೆ ಹಿಂದಕ್ಕೆ ವಾಲಿದೆ. ತುದಿ ಹಗುರಾಗಿ ಸ್ಕೀ ನನ್ನನ್ನ ಬಿಟ್ಟು ತಾನೇ ಹೊರಟುಹೋಯ್ತು, ಬಿದ್ದೆ. "ಮೊಳಕಾಲಿನ ಮುಂಭಾಗದಿಂದ ಬೂಟನ್ನ ಒತ್ತು, ಕೆಳಗೆ ನೋಡ್ಬೇಡ, ಮುಂದೆ ನೋಡು" ಅಂದ್ರು ಮೇಡಂ. ಎರಡನೇ ಸಲ ಒತ್ತಿದೆ. ಮೊದಲ ತಿರುವು ಲಾರಿ ರಿವರ್ಸ್ ತಗೊಂಡ ಹಾಗೆ ನಿಧಾನ. ಆಮೇಲೆ ಅಂಚು ಹಿಮಾನ ಕಚ್ಚಿತು ನೋಡಿ, ಸದ್ದೇ ನಿಂತುಹೋಯ್ತು. ನಡುಕ ಇಲ್ಲ, ಫಡಫಡ ಇಲ್ಲ. ನಗೂನೂ ಬರಲಿಲ್ಲ. ಬಾಯಿ ಒಣಗಿತ್ತು. ಇಡೀ ಹದಿನಾಲ್ಕು ದಿನದಲ್ಲಿ ಇವತ್ತಿಗೂ ಕಣ್ಣಿಗೆ ಕಟ್ಟಿರೋದು ಆ ಮೂವತ್ತೋ ನಲವತ್ತೋ ಸೆಕೆಂಡು. ಮೂರನೇ ಸಲ ಕಾಲು ಸೋತಿತ್ತು, ತಿರುವು ತಡವಾಯ್ತು, ಬೇಲಿಯ ಬಲೆಗೆ ಹೋಗಿ ಬಿದ್ದೆ. ಎರಡೂ ಸ್ಕೀ ಕಳಚಿದ್ವು, ಮಂಡಿ ಉಳೀತು. ಅಪ್ಪನಿಗೆ ಇದು ಇನ್ನೂ ಗೊತ್ತಿಲ್ಲ. ಈ ಮ್ಯಾಗಜಿನ್ ಲಿಂಕನ್ನ ಯಾರೂ ದಯವಿಟ್ಟು ನಮ್ಮೂರಿಗೆ ಕಳಿಸ್ಬೇಡಿ.

ಹೆಂಗಸರ ಸ್ಕೀ ಅಂದ್ರೆ ಏನು ಅಂತ ಆಮೇಲೆ ಓದಿದೆ. ತುಂಬಾ ಕಾಲ ಗಂಡಸರ ಸ್ಕೀಯನ್ನೇ ಗಿಡ್ಡ ಮಾಡಿ, ಮೆತ್ತಗೆ ಮಾಡಿ, ಗುಲಾಬಿ ಬಣ್ಣ ಬಳಿದು ಮಾರ್ತಿದ್ರಂತೆ. ಅಮೆರಿಕದ ಜೀನಿ ಥೋರೆನ್ ಅನ್ನೋರು ಹೆಂಗಸರ ದೇಹದ ಭಾರ ನಿಲ್ಲೋ ಜಾಗ ಬೇರೆ, ಬೈಂಡಿಂಗನ್ನ ಮುಂದಕ್ಕೆ ಸರಿಸಿ ಅಂತ ದಶಕಗಟ್ಟಲೆ ವಾದ ಮಾಡಿದ್ರು. ಈ ಮಾತು ನನಗೆ ಒಪ್ಪಿಗೆ. ನನಗೆ ಬೇಕಾದದ್ದು ನನ್ನ ತೂಕಕ್ಕೆ ಬಾಗೋ, ನಾನು ನಿಲ್ಲೋ ಜಾಗಕ್ಕೆ ಲೆಕ್ಕ ಹಾಕಿದ ಸ್ಕೀ. ಕಡಿಮೆ ಸ್ಕೀ ಅಲ್ಲ. ಸಾಂಟಾ ಆನಾ ಕೂಡ ಹೆಂಗಸರದ್ದೇ, ಆದ್ರೆ ಅದರಲ್ಲಿ ಯಾರೂ ಕನಿಕರ ತೋರಿಸಿಲ್ಲ.

ನನ್ನನ್ನ ಕೇಳಿದ್ರೆ: ಮೊದಲ ವಾರ ಮೂಗಿನ ಮಟ್ಟದ ಗಿಡ್ಡದ್ದೇ ತಗೊಳ್ಳಿ, ಮರ್ಯಾದೆ ಪ್ರಶ್ನೆ ಮಾಡ್ಕೋಬೇಡಿ. ಆಮೇಲೂ ಅದರಲ್ಲೇ ಕೂತ್ರೆ ನಡುಕಕ್ಕೆ ಹೆದರಿ ಸ್ಪೀಡೇ ಬಿಡ್ತೀರ, ಮಜಾನೂ ಅಲ್ಲಿಗೇ ನಿಲ್ಲುತ್ತೆ. 165 ನನಗೆ ಇನ್ನೂ ಎರಡು ಸೀಸನ್ ದೂರ, ಇದನ್ನ ಬಲೆ ನನಗೆ ತಿಳಿಸಿಕೊಟ್ಟಿದೆ. ಮುಂದಿನ ವರ್ಷ ಹೋದ್ರೆ ಬ್ಲ್ಯಾಕ್ ಪರ್ಲ್ 159 ಕೇಳ್ತೀನಿ, ಸರಿಯಾಗಿ ನನ್ನ ನೆತ್ತಿಯ ಮಟ್ಟ. ಕಿಟಕಿಯ ಮನುಷ್ಯ ಏನೇ ಅನ್ನಲಿ.

ಬಿದ್ದ ರಾತ್ರಿ ಅಕ್ಕಗೆ ವಿಡಿಯೋ ಕಾಲ್ ಮಾಡಿ ಮೂರೂ ಸ್ಕೀ ಕಥೆ ಹೇಳಿದೆ. ಹೊಲಿಗೆ ಮಷೀನ್ ನಿಲ್ಲಿಸಿ ಕೇಳಿದಳು.

"ಯಾವ್ದು ಮಜಾ ಅದ?"

"ನಗು ಬಂದಿದ್ದು 153. ಮರೀಲಿಕ್ಕೆ ಆಗ್ದೇ ಇದ್ದದ್ದು 165."

"ಅಪ್ಪನ ಸೈಕಲ್ ಹಂಗೇ ಇತ್ತಲಾ," ಅಂದಳು. ನೆನಪಿಲ್ಲ ಅಂದುಕೊಂಡಿದ್ದೆ.

ಹೋದ ವಾರ ಮತ್ತೆ ಫೋನು. ಅವಳ ಮಗಳಿಗೆ ನಾಲ್ಕು ತುಂಬಿತು, ಸೈಕಲ್ ಬೇಕಂತೆ. 14 ಇಂಚೋ 16 ಇಂಚೋ ಅಂತ ಕೇಳಿದಳು. ಕಾಲು ನೆಲಕ್ಕೆ ತಾಕಬೇಕು, ಈಗ 14 ಸಾಕು ಅಂದೆ.

"ಸಾಕಾ?" ಅಂದಳು.

ಸಂಜೆ ಫೋಟೋ ಬಂತು. ಕೆಂಪು ಸೈಕಲ್, 16 ಇಂಚು, ಸೀಟು ಪೂರ್ತಿ ಇಳಿಸಿದೆ. ಹುಡುಗಿ ತುದಿಬೆರಳಲ್ಲಿ ನಿಂತಿದ್ದಾಳೆ, ಹಿಂದೆ ಅಕ್ಕ ಕ್ಯಾರಿಯರ್ ಹಿಡಿದಿದ್ದಾಳೆ.