ದೀಪಕ್ಕೊಂದು ಹೊಲ

ಇಂಡಿಯಿಂದ ಸಾಲೋಟಗಿಗೆ ಹೋಗುವ ಹಾದಿಯಲ್ಲಿ ನೋಟಕ್ಕೆ ತಡೆಯೆಂಬುದೇ ಇಲ್ಲ. ಬಿಳಿಜೋಳ ಕಿತ್ತು ಮುಗಿಸಿದ ಎರೆಹೊಲಗಳು ಬಿಸಿಲಿಗೆ ಬಾಯಿಬಿಟ್ಟು ಮಲಗಿದ್ದವು. ನಡುನಡುವೆ ಲಿಂಬೆ ತೋಟಗಳ ಗಾಢ ಹಸಿರು. ಗಾಳಿ ಈ ಕಡೆ ತಿರುಗಿದರೆ ಸಾಕು, ಮೂಗಿಗೆ ಲಿಂಬೆಯ ವಾಸನೆ. ನನ್ನ ಚೀಲದಲ್ಲಿದ್ದದ್ದು ನೀರು, ಎರಡು ಖಡಕ್ ರೊಟ್ಟಿ, ಹಿಡಿ ಶೇಂಗಾ ಚಟ್ನಿ ಮತ್ತು ಸಾಲೋಟಗಿಯ ಒಂದು ಶಾಸನದ ಜೆರಾಕ್ಸ್ ಪ್ರತಿ.

ಶಾಸನವೆಂದರೆ ಯಾರೋ ಯಾರನ್ನೋ ಗೆದ್ದ ಬಿರುದಾವಳಿ ಎಂದುಕೊಂಡವರು ಇದನ್ನೊಮ್ಮೆ ಓದಬೇಕು. ಶಕವರ್ಷ 867, ಅಂದರೆ ಕ್ರಿ.ಶ. 945. ಆಗ ನಾಡನ್ನು ಆಳುತ್ತಿದ್ದವನು ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ. ಅವನ ಮಂತ್ರಿ ನಾರಾಯಣ, ಪಾವಿಟ್ಟಗೆ ಎನಿಸಿಕೊಂಡಿದ್ದ ಈ ಊರಿನಲ್ಲಿ ಒಂದು ಶಾಲೆ ಕಟ್ಟಿಸಿದ. ಓದಲಿಕ್ಕೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬಂದರು. ಅವರಿಗೆ ಇರಲಿಕ್ಕೆ 27 ಮನೆಗಳು. ಗುರುವಿಗೆ ಒಂದು ಮನೆ, ಆಗಿನ ಅಳತೆಯಲ್ಲಿ 50 ನಿವರ್ತನ ಭೂಮಿ. ಓದುವ ದೀಪಗಳಿಗೆಂದೇ ಬೇರೆ ಹೊಲ!

ಆ ಕೊನೆಯ ಸಾಲಿಗೆ ನಾನು ನಿಂತಲ್ಲೇ ನಿಂತೆ. ದೀಪಕ್ಕೊಂದು ಹೊಲ! ಹಗಲಿಡೀ ಬೆಳೆಯುವ ಪೈರು ರಾತ್ರಿ ಹುಡುಗರ ಓಲೆಗರಿಯ ಮೇಲೆ ಬೆಳಕಾಗಬೇಕು ಎಂದು ಲೆಕ್ಕ ಹಾಕಿದ ಮನಸ್ಸು ಎಂಥದ್ದಿರಬೇಕು! ಅಷ್ಟಕ್ಕೇ ಬಿಟ್ಟಿಲ್ಲ. ಅಗ್ರಹಾರದಲ್ಲಿ ಮದುವೆಯಾದರೆ ಶಾಲೆಗೆ ಐದು ಪುಷ್ಪ, ಮುಂಜಿಗೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಪುಷ್ಪ ಎಂಬುದು ಸಲ್ಲಿಸಬೇಕಾದ ಕಾಣಿಕೆಯ ಹೆಸರು. ಊರಲ್ಲಿ ಯಾರ ಮನೆಯಲ್ಲಿ ಓಲಗ ಊದಿದರೂ ಶಾಲೆಯ ಬೊಕ್ಕಸ ಒಂದಿಷ್ಟು ತುಂಬುತ್ತದೆ. ಯಾವ ನೆಲ ಯಾತಕ್ಕೆ, ಅದರ ಹುಟ್ಟುವಳಿ ಯಾರಿಗೆ ಎಂಬುದನ್ನು ಬಿಡಿಸಿ ಬಿಡಿಸಿ ಹೇಳಿದ ಈ ಬರಹ ಸಾವಿರ ವರ್ಷ ಹಿಂದಿನ ಭೂಬಳಕೆಯ ಪರವಾನಗಿಯೇ ಸರಿ.

ಅಚ್ಚರಿಯಲ್ಲಿ ಒಂದು ಕೊಂಕನ್ನೂ ಮರೆಯಬಾರದು. ಓದಿದವರಿಗೆ ಎಷ್ಟು ಮನೆ ಎಂದು ಬರೆದ ಶಾಸನ ಆ ಹೊಲಗಳನ್ನು ಉತ್ತವರ ಹೆಸರು ಹೇಳುವುದಿಲ್ಲ.

ಉಳುವವರನ್ನು ಕಾಣಲಿಕ್ಕೆ ನಾನು ಕಟ್ಟೆಗೇ ಹೋಗಬೇಕಾಯಿತು. ರುಮಾಲು ಸುತ್ತಿದ ಹಿರಿಯರೊಬ್ಬರು ಅಡಕೆ ಕತ್ತರಿಸುತ್ತ ಕೂತಿದ್ದರು. "ಕಾಕಾ, ಹೊಲಾ ನೀವಽ ಮಾಡ್ತೀರೇನ್ರಿ?" ಎಂದೆ. "ಇಲ್ಲ ತಮ್ಮಾ, ಲಾವಣಿಗೆ ಹಚ್ಚೀನಿ. ಯುಗಾದಿಯಿಂದ ಯುಗಾದಿಗೆ. ಕಾಗದ ಇಲ್ಲ, ಮಾತಷ್ಟ." 1974ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಸಾಗುವಳಿ ಭೂಮಿಯನ್ನು ಗೇಣಿಗೆ ಕೊಡಲು ಸಾಮಾನ್ಯವಾಗಿ ಕಾನೂನಿನ ಒಪ್ಪಿಗೆಯಿಲ್ಲ. ಆದ್ದರಿಂದಲೇ ಕಾಗದವೂ ಇಲ್ಲ. ಆದರೆ ಮಾತಿಗೆ ಎಷ್ಟು ಬಿಗಿ ನೋಡಿ: "ಬದುವಿನ ಬೇವಿನ ಗಿಡಕ್ಕ ಕೊಡಲಿ ಹಚ್ಚೂಹಂಗಿಲ್ಲ. ಬಾವಿ ನೀರು ಬ್ಯಾರೆ ಹೊಲಕ್ಕ ಹೊರಳಸೂಹಂಗಿಲ್ಲ. ಬಿಡೂ ಮುಂದ ಹರಗಿ ಸ್ವಚ್ಛ ಮಾಡಿ ಕೊಡಬೇಕು."

"ಇಷ್ಟೆಲ್ಲ ತ್ರಾಸ ಯಾಕ್ರಿ, ಪಡಾ ಬಿಟ್ಟರ ಆತಲ್ಲ?"

"ಪಡಾ ಬಿಟ್ಟರ ಜಾಲಿ ಏಳ್ತೈತಿ. ಆಮ್ಯಾಲ ಹೊಲಾ ನಂದೂ ಅಲ್ಲ, ನಿಂದೂ ಅಲ್ಲ."

ಈ ಮಾತನ್ನು ಹೊತ್ತುಕೊಂಡೇ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ರಾತ್ರಿ ಕಳೆದು ಯಶವಂತಪುರದಲ್ಲಿ ಇಳಿದವನು ನೇರವಾಗಿ ಹೋದದ್ದು ಜಾಲಹಳ್ಳಿಗೆ. 1953ರಲ್ಲಿ ಶುರುವಾದ ಎಚ್‌ಎಂಟಿಯ ನೆಲ ಅದು. ನಮ್ಮ ಅಪ್ಪಂದಿರ ಮಣಿಕಟ್ಟಿನ ಗಡಿಯಾರ ಹುಟ್ಟಿದ ಜಾಗ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಯಂತ್ರಗಳನ್ನೂ ಗಡಿಯಾರಗಳನ್ನೂ ನೋಡುತ್ತ ನಡೆದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹೊರಗೆ ಬಂದರೆ ಸುತ್ತಲೂ ದಟ್ಟ ಮರ. ಬೆಂಗಳೂರಿನ ನಡುವೆ ಇಷ್ಟು ನೆರಳು ಉಳಿದಿದೆಯೇ ಎಂದು ಇನ್ನೊಂದು ಬೆರಗು.

ಈ ನೆರಳಿನ ಬಗ್ಗೆಯೇ ಜಗಳ. ಪೀಣ್ಯ–ಜಾಲಹಳ್ಳಿಯ 599 ಎಕರೆ 1896ರಲ್ಲೇ ಅರಣ್ಯವೆಂದು ಘೋಷಣೆಯಾಗಿದೆ ಎನ್ನುವುದು ಅರಣ್ಯ ಇಲಾಖೆಯ ವಾದ. ಅದನ್ನು ಎಚ್‌ಎಂಟಿ ಒಪ್ಪುವುದಿಲ್ಲ. ಅದರಲ್ಲೊಂದು ಭಾಗ ಕೆನರಾ ಬ್ಯಾಂಕಿಗೆ ಮಾರಾಟವಾಗಿದ್ದು, ಖಾಲಿ ಜಾಗವನ್ನು ಸಿನಿಮಾ ಚಿತ್ರೀಕರಣಕ್ಕೆ ಬಾಡಿಗೆಗೆ ಕೊಡಲಾಗುತ್ತಿದೆ ಎಂದು 2024ರ ಅಕ್ಟೋಬರ್‌ನಲ್ಲಿ ಸ್ಥಳಕ್ಕೆ ಹೋದ ಅರಣ್ಯ ಸಚಿವ ಈಶ್ವರ ಖಂಡ್ರೆ ಹೇಳಿದರು. 'ಟಾಕ್ಸಿಕ್' ಚಿತ್ರದ ಸೆಟ್ಟಿಗಾಗಿ ಮರ ಕಡಿದಿದ್ದಾರೆಂಬ ಆರೋಪ ಬಂತು. ಚಿತ್ರತಂಡ ಅದನ್ನು ಅಲ್ಲಗಳೆಯಿತು. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. ತಪ್ಪು ಯಾರದೆಂದು ಹೇಳುವುದು ನನ್ನ ಕೆಲಸವಲ್ಲ.

ನನ್ನನ್ನು ಕಾಡಿದ್ದು ಬೇರೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಕೈಗಾರಿಕೆಯ ನೆಲವನ್ನು ವಸತಿಗೋ ವಾಣಿಜ್ಯಕ್ಕೋ ಬದಲಿಸಬೇಕೆಂದರೆ ಶುಲ್ಕ ಕಟ್ಟಿ ಯೋಜನಾ ಪ್ರಾಧಿಕಾರಕ್ಕೆ ಮೊದಲೇ ತಿಳಿಸಬೇಕು. ಆದರೆ ತಾತ್ಕಾಲಿಕ ಬಾಡಿಗೆ ಕೊಡುವವನ ಮತ್ತು ಪಡೆಯುವವನ ನಡುವಿನ ಕರಾರಿನಲ್ಲೇ ಮುಗಿದುಹೋಗುತ್ತದೆ. 'ನಾಲ್ಕು ದಿನದ ಮಾತು' ಎಂದರೆ ಯಾರೂ ಕೇಳುವುದಿಲ್ಲ. ಆ ನಾಲ್ಕು ದಿನದಲ್ಲಿ ಬಿದ್ದ ಮರ ಮತ್ತೆ ಏಳಲಿಕ್ಕೆ ನಲವತ್ತು ವರ್ಷ ಬೇಕು.

ಹಾಗಾದರೆ ಖಾಲಿ ಬಿಡುವುದೇ ಒಳ್ಳೆಯದೇ? ಅದಕ್ಕೆ ಸಾಲೋಟಗಿಯ ಕಾಕಾ ಉತ್ತರ ಕೊಟ್ಟಾಗಿದೆ: ಪಡಾ ಬಿಟ್ಟ ನೆಲದಲ್ಲಿ ಜಾಲಿ ಏಳುತ್ತದೆ. ನಗರದಲ್ಲಾದರೆ ಜಾಲಿಯ ಜೊತೆಗೆ ಕಸದ ರಾಶಿ, ಕಟ್ಟಡದ ಅವಶೇಷ, ಒತ್ತುವರಿ. ಮುಚ್ಚಿದ ಕಾರ್ಖಾನೆಯ ಅಂಗಳದಲ್ಲಿ ಸಿನಿಮಾ ಸೆಟ್ ಬರಲಿ, ಸಂತೆ ನಡೆಯಲಿ, ನಾಟಕ ಆಡಲಿ. ಬಡಗಿಗೂ ಎಲೆಕ್ಟ್ರಿಷಿಯನ್ನನಿಗೂ ಕೂಲಿ ಸಿಗುತ್ತದೆ. ತಾತ್ಕಾಲಿಕ ಬಳಕೆ ಕೆಟ್ಟದ್ದಲ್ಲ, ಕೇಳುವವರಿಲ್ಲದ ಬಳಕೆ ಕೆಟ್ಟದ್ದು.

ಸಾಲೋಟಗಿಯ ಶಾಲೆಯೂ ಶಾಶ್ವತವಾಗಿ ಉಳಿಯಲಿಲ್ಲ. ಅದು ಹಾಳಾಯಿತು, ಮುಂದೊಬ್ಬ ಸಾಮಂತ ಮತ್ತೆ ಕಟ್ಟಿಸಿದ. ಹಾಗೆ ಮತ್ತೆ ಕಟ್ಟಲು ಬಂದವನಿಗೆ ಆ ನೆಲ ಯಾತಕ್ಕಾಗಿ ಇತ್ತೆಂಬುದು ಕಲ್ಲಿನ ಮೇಲೇ ಸಿಕ್ಕಿತು. ಅಂಥ ಬರಹವನ್ನು ಊರಿನ ನಡುವೆ, ಎಲ್ಲರಿಗೂ ಕಾಣುವಂತೆ ನಿಲ್ಲಿಸುತ್ತಿದ್ದುದರ ಗುಟ್ಟು ಇದೇ.

ಬೆಂಗಳೂರಿನ ಯಾವುದೇ ಕಾರ್ಖಾನೆ ನೆಲವನ್ನು ತಾತ್ಕಾಲಿಕವಾಗಿ ಕೊಡುವಾಗ ಗೇಟಿನ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಾಕಲಿ: ಯಾತಕ್ಕೆ ಕೊಟ್ಟಿದೆ, ಎಲ್ಲಿಯವರೆಗೆ, ಬಾಡಿಗೆ ಹಣ ಎಲ್ಲಿಗೆ, ಬಿಟ್ಟುಹೋಗುವಾಗ ಯಾವ ಮರ ನಿಂತಿರಬೇಕು. ಮೊದಲನೆಯದಕ್ಕೂ ಮೂರನೆಯದಕ್ಕೂ ಮಾದರಿ ಶಾಸನದಲ್ಲಿದೆ, ಉಳಿದೆರಡು ಸಾಲೋಟಗಿಯ ಕಟ್ಟೆಯ ಮೇಲೆ ಕಾಗದವಿಲ್ಲದೆಯೇ ನಡೆಯುತ್ತಿವೆ.