ಕಾರ್ಡ್ ಅದ, ರೊಕ್ಕ ಎಲ್ಲದ?

ಹೋದ ವರ್ಷ ಹತ್ತಿ ಬಿಡಿಸುವ ಹೊತ್ತಿನಲ್ಲಿ ನಮ್ಮ ದೊಡ್ಡವ್ವ ಕಾಲುವೆ ದಂಡೆಯಲ್ಲಿ ಜಾರಿಬಿದ್ದಳು. ಸುರಪುರ ತಾಲ್ಲೂಕಿನ ಆ ಊರಿಗೆ ನಾನು ಹೋದದ್ದು ಆರು ದಿನ ಆದಮೇಲೆ. ಅಷ್ಟರಲ್ಲಿ ಎಲುಬು ಕಟ್ಟುವವರು ಬಿದಿರಿನ ಪಟ್ಟಿ ಇಟ್ಟು ಬಟ್ಟೆ ಸುತ್ತಿದ್ದರು. ಮುರಿದದ್ದು ಟೊಂಕದ ಹತ್ತಿರ. ಅಲ್ಲಿ ಪಟ್ಟಿ ಏನು ಮಾಡೀತು?

"ಕಾರ್ಡ್ ಅದಲ್ಲ, ದವಾಖಾನಿಗೆ ಯಾಕ ಒಯ್ಯಲಿಲ್ಲ?" ಎಂದು ಅವಳ ಮಗನನ್ನು, ಅಂದರೆ ನಮ್ಮ ಅಣ್ಣನನ್ನು, ಜೋರು ಮಾಡಿದೆ.

"ಕಾರ್ಡ್ ಅದ ತಮ್ಮಾ. ಕಲಬುರಗಿಗೆ ಬರೆದುಕೊಟ್ರ ಅಲ್ಲಿ ಇರಾಕ, ಉಣ್ಣಾಕ ರೊಕ್ಕ ಎಲ್ಲದ?"

ನಾನು ಸುಮ್ಮನಾದೆ. ಯಾದಗಿರಿ, ಶಹಾಪುರದಿಂದ "ಬಡವರಿಗೆ ಉಚಿತ ಶಸ್ತ್ರಚಿಕಿತ್ಸೆ" ಅಂತ ಎಷ್ಟು ಸುದ್ದಿ ಕಳಿಸಿದ್ದೇನೋ ಲೆಕ್ಕವಿಲ್ಲ.

ಅದು ಸುಳ್ಳು ಸುದ್ದಿಯೂ ಅಲ್ಲ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಬಂದದ್ದೇ ನಮ್ಮ ಗುಲ್ಬರ್ಗಾ ವಿಭಾಗಕ್ಕೆ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ದೊಡ್ಡವ್ವನ ಆಪರೇಷನ್ನಿಗೆ, ಒಳಗೆ ಹಾಕಿದ ರಾಡಿಗೆ, ಆಸ್ಪತ್ರೆಯವರು ಒಂದು ರೂಪಾಯಿ ಕೇಳಲಿಲ್ಲ.

ಆದರೆ ನನ್ನ ವರದಿಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬೇರೆ ಲೆಕ್ಕ ಬೆಳೆಯುತ್ತಿತ್ತು. ಜೀಪಿನ ಬಾಡಿಗೆ. ದಾಖಲಾಗುವ ಮೊದಲು ಹೊರಗೆ ಮಾಡಿಸಿದ ಪರೀಕ್ಷೆ. ರಕ್ತ ಕೊಡಲು ಊರಿಂದ ಬಂದ ಇಬ್ಬರು ಹುಡುಗರ ಬಸ್ಸು, ಊಟ. ಅಣ್ಣ, ವೈನಿ ಹದಿನಾಲ್ಕು ದಿನ ಅಲ್ಲೇ. ಶಕ್ತಿ ಯೋಜನೆಯಿಂದ ವೈನಿಗೆ ಟಿಕೆಟ್ ಇರಲಿಲ್ಲ, ಅಷ್ಟು ಉಳಿಯಿತು. ವಾಪಸ್ ಬರುವಾಗ ಕಾಲು ಮಡಚಲು ಆಗದ್ದಕ್ಕೆ ಮತ್ತೆ ಜೀಪು. ಇತ್ತ ಅರಳಿದ ಹತ್ತಿ ಬಿಡಿಸಲು ಕೂಲಿ ಆಳು. ಒಟ್ಟು 31,400 ರೂಪಾಯಿ. ಅದರಲ್ಲಿ 20,000 ಕೈಗಡ, ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ.

ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ. ಶಸ್ತ್ರಚಿಕಿತ್ಸೆ ಬಗ್ಗೆ ಲ್ಯಾನ್ಸೆಟ್ ಆಯೋಗ 2015ರಲ್ಲಿ ವರದಿ ಕೊಟ್ಟಿತು. ಜಗತ್ತಿನಲ್ಲಿ ವರ್ಷಕ್ಕೆ 3.3 ಕೋಟಿ ಜನ ಆಪರೇಷನ್ ಬಿಲ್ಲಿನಿಂದ ತಾಳಲಾಗದ ಖರ್ಚಿಗೆ ಸಿಗುತ್ತಾರಂತೆ. ಪ್ರಯಾಣದಂಥ ಹೊರಗಿನ ಖರ್ಚಿನಿಂದ ಸಿಗುವವರು ಇನ್ನೂ 4.8 ಕೋಟಿ. ಬಿಲ್ಲಿಗಿಂತ ದಾರಿಯೇ ದುಬಾರಿ. 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಆಸ್ಪತ್ರೆ ಸೇರಿದವರಿಗೆ ಪ್ರತಿ ಸಲ 100 ರೂಪಾಯಿ ಪ್ರಯಾಣ ಭತ್ಯೆ ಇತ್ತು. ಸಣ್ಣ ಮೊತ್ತವೇ, ಆದರೂ ಬಡವ ಬಸ್ಸು ಹತ್ತಿ ಬರುತ್ತಾನೆ ಅನ್ನುವುದು ಯಾರಿಗೋ ನೆನಪಿತ್ತು.

ನಿಮ್ಮ ಮನೆಗೂ ಇಂಥ ಹೊತ್ತು ಬಂದರೆ ಆರು ದಿನ ಕಾಯಬೇಡಿ. 108 ಪುಕ್ಕಟೆ. ತುರ್ತು ಇದ್ದರೆ ರೆಫರಲ್ ಚೀಟಿಗೆ ಅಲೆಯಬೇಕಿಲ್ಲ. ಆಸ್ಪತ್ರೆಯಲ್ಲಿ ಮೊದಲು ಆರೋಗ್ಯ ಮಿತ್ರರನ್ನು ಹುಡುಕಿ. ಆಯುಷ್ಮಾನ್ ಭಾರತ್ ನಿಯಮದಲ್ಲಿ ದಾಖಲಾಗುವ ಮೊದಲಿನ 3 ದಿನ, ಡಿಸ್ಚಾರ್ಜ್ ಆದಮೇಲಿನ 15 ದಿನದ ಪರೀಕ್ಷೆ, ಔಷಧಿಯೂ ಸೇರಿದೆ. ಬಿಲ್ಲು ಎಸೆಯದೆ ಅವರನ್ನು ಕೇಳಿ. ನಾವು ಎಸೆದಿದ್ದೆವು. ನಿಯಮ ನನಗೂ ಆಮೇಲೆಯೇ ತಿಳಿದದ್ದು, ಪತ್ರಕರ್ತ ಅನ್ನಿಸಿಕೊಂಡವನಿಗೆ.

ದೊಡ್ಡವ್ವ ಈಗ ಕೋಲು ಹಿಡಿದು ಅಂಗಳದವರೆಗೆ ಬರುತ್ತಾಳೆ. ಮೊನ್ನೆ ಕೇಳಿದಳು, "ನನ್ನ ಕಾಲಿಗೆ ಎಷ್ಟು ಹತ್ತಿತಪ್ಪಾ?"

"ಏನಿಲ್ಲವ್ವಾ, ಎಲ್ಲಾ ಫ್ರೀ," ಅಂದ ಅಣ್ಣ. ಆ ತಿಂಗಳ ಬಡ್ಡಿಯ 600 ರೂಪಾಯಿ ಅವನ ಅಂಗಿ ಜೇಬಿನಲ್ಲಿತ್ತು.