ಕೊನೆ ಗೊತ್ತಿದ್ದೂ ಓದಿದ್ದು

ಪ್ರೇಮ ಕಾದಂಬರಿ ಅಂದ್ರೆ ಮೂಗು ಮುರೀತಿದ್ದವಳು ನಾನು. ಕೊನೆ ಮೊದಲೇ ಗೊತ್ತಿರೋ ಕತೆ ಯಾಕೆ ಓದಬೇಕು ಅಂತ. ಆದರೂ ಕಳೆದ ತಿಂಗಳು ಎರಡು ಓದಿ ಮುಗಿಸಿದೆ!

ಮೊದಲನೆಯದು ಸ್ಯಾಲಿ ಥಾರ್ನ್ ಬರೆದ 'ದ ಹೇಟಿಂಗ್ ಗೇಮ್' (2016). ಒಂದೇ ಆಫೀಸಿನಲ್ಲಿ ಎದುರುಬದುರು ಕೂತು ಕಿತ್ತಾಡುವ ಇಬ್ಬರ ಕತೆ. ಮಾತು ಚುರುಕು, ನಕ್ಕೂ ನಕ್ಕೂ ಸಾಕಾಯ್ತು. ಆದರೆ ಪುಸ್ತಕ ಮುಚ್ಚಿದ ಮೇಲೆ ಹೆಚ್ಚೇನೂ ಉಳಿಯಲಿಲ್ಲ.

ಎರಡನೆಯದು ಹೆಲೆನ್ ಹ್ವಾಂಗ್ ಅವರ 'ದ ಕಿಸ್ ಕೋಷಂಟ್' (2018). ನಾಯಕಿ ಸ್ಟೆಲ್ಲಾಗೆ ಆಟಿಸಂ. ಲೆಕ್ಕ ಅಂದ್ರೆ ನೀರು ಕುಡಿದಷ್ಟು ಸುಲಭ, ಜನರ ಜೊತೆ ಒಡನಾಟ ಅಂದ್ರೆ ಬೆವರು. ಅದನ್ನ ಕಲಿಯೋಕೆ ದುಡ್ಡು ಕೊಟ್ಟು ಮೈಕಲ್‌ನನ್ನ ಗೊತ್ತು ಮಾಡ್ಕೋತಾಳೆ. ಲೇಖಕಿಗೂ ಆಟಿಸಂ ಇದೆ ಅಂತ ಗೊತ್ತಾಗಿದ್ದು 2016ರಲ್ಲಂತೆ.

ಹೋದ ವರ್ಷ ನನ್ನನ್ನ ನೋಡೋಕೆ ಬಂದವರು "ಹುಡುಗಿ ಮಾತೇ ಆಡಲ್ವಲ್ಲ" ಅಂದು ಹೋದರು. ಅವತ್ತಿಂದ ಕನ್ನಡಿ ಮುಂದೆ ನಿಂತು ಮಾತಾಡೋದನ್ನ ಪ್ರಾಕ್ಟೀಸ್ ಮಾಡ್ತಿದ್ದೆ... ನಗಬೇಡಿ. ತಾನು ಇರೋ ಹಾಗೇ ಸರಿ ಅಂತ ಸ್ಟೆಲ್ಲಾ ಅಂದುಕೊಳ್ಳೋ ಜಾಗಕ್ಕೆ ಬಂದಾಗ ಕಣ್ಣು ತುಂಬಿ ಬಂತು. ಕೊನೆ ಗೊತ್ತಿತ್ತು, ಆದರೂ.

ಬರೋ ಭಾನುವಾರ ಇನ್ನೊಬ್ಬರು ಬರ್ತಾರಂತೆ. ಈ ಸಲ ಪ್ರಾಕ್ಟೀಸ್ ಇಲ್ಲ ಅಂತ ಅಮ್ಮನಿಗೆ ಹೇಳಿಬಿಟ್ಟಿದ್ದೀನಿ.